ಹೆಸರು ಕೇಳದ ಟೋಕನ್

ಕಳೆದ ತಿಂಗಳು ಟೀಮ್ ಲಂಚಿಗೆ ಎಲ್ಲಿಗೆ ಹೋಗೋದು ಅಂತ ಶುರುವಾದ ಮಾತು ಕೊನೆಗೆ ಎರಡು ಬಣಗಳ ಜಗಳವೇ ಆಗಿಹೋಯ್ತು. ಒಂದು ಬಣಕ್ಕೆ ಪಿಜ್ಜಾ, ಬರ್ಗರ್ ಮಾರುವ ಚೈನ್ ರೆಸ್ಟೋರೆಂಟೇ ಬೇಕು. ಇನ್ನೊಂದು ಬಣದವರು, "ಎಲ್ಲಾ ಬ್ರಾಂಚಲ್ಲೂ ಅದೇ ಸಾಸು, ಅದೇ ಉಪ್ಪು. ಅದ್ರಲ್ಲಿ ಊಟ ಎಲ್ಲಿದೆ ಗುರು?" ಅಂದರು. ನಾನು ಸಾಮಾನ್ಯವಾಗಿ ಎರಡನೇ ಬಣದವನು. ಅವತ್ತು ಮಾತ್ರ ಅಪ್ಪನ ನೆನಪಾಗಿ ಸುಮ್ಮನಾದೆ.

ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಅಪ್ಪ ಊರಿಂದ ಬಂದಿದ್ದ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿಸಿಕೊಂಡು ಹತ್ತಿರದ ಒಂದು ದರ್ಶಿನಿಗೆ ಕರೆದುಕೊಂಡು ಹೋದೆ. ಇಡ್ಲಿ ವಡೆ ತಿಂದ್ವಿ, ಕಾಫಿ ಕುಡಿದ್ವಿ. ಕುಡಿದಾದ ಮೇಲೆ ಅಪ್ಪ ಲೋಟ ಕೈಯಲ್ಲೇ ಹಿಡ್ಕೊಂಡು ನಲ್ಲಿ ಎಲ್ಲಿದೆ ಅಂತ ಹುಡುಕುತ್ತಿದ್ದ. "ಆ ಟಬ್ಬಲ್ಲಿ ಹಾಕಪ್ಪ, ಅವರೇ ತೊಳೀತಾರೆ" ಅಂದೆ. ಹಾಕಿದ. ಹಾಕಿ ಅಲ್ಲೇ ಸ್ವಲ್ಪ ಹೊತ್ತು ನಿಂತ. ವಿಭೂತಿ ಹಚ್ಚಿದ ಒಬ್ಬ ಹಿರಿಯರು, ಒಬ್ಬ ಆಟೋ ಡ್ರೈವರ್, ಕುತ್ತಿಗೆಗೆ ಐಡಿ ಕಾರ್ಡ್ ಹಾಕಿದ ಒಂದು ಹುಡುಗಿ, ಎಲ್ಲರೂ ಬಂದು ಅದೇ ಟಬ್ಬಿಗೆ ಲೋಟ ಹಾಕಿ ಹೋದರು. ಹೊರಗೆ ಬಂದ ಮೇಲೆ ಅಪ್ಪ ಹೇಳಿದ್ದು ಇಷ್ಟೇ: "ಎಲ್ಲಾರ್ದೂವೆ ಒಂದೇ ಟಬ್ಬಿಗೆ ಹಾಕ್ತರಲ್ಲ ಮಗಾ."

ಇಡ್ಲಿ ಹೇಗಿತ್ತು ಅಂತ ಅವನು ಹೇಳಲೇ ಇಲ್ಲ.

ನಮ್ಮೂರ ಟೀ ಅಂಗಡಿಯಲ್ಲಿ ನಮ್ಮ ಕೇರಿಯವರ ಲೋಟಗಳು ಹೊರಗೆ ಸೂರಿನಡಿ ಇರುತ್ತಿದ್ದವು. ನಾವೇ ತೆಗೆದುಕೊಳ್ಳಬೇಕು, ಮೇಲಿನಿಂದ ಟೀ ಹೊಯ್ಯುತ್ತಾರೆ, ಕುಡಿದು ನಾವೇ ತೊಳೆದು ಮತ್ತೆ ಅಲ್ಲೇ ಇಡಬೇಕು. ನಾನು ಮೂರನೇ ಕ್ಲಾಸಲ್ಲಿದ್ದಾಗಲೂ, ಅಂದರೆ ತೊಂಬತ್ತರ ದಶಕದಲ್ಲೂ, ಅದು ಹಾಗೇ ಇತ್ತು. ಅಪ್ಪನಿಗೆ ನಲ್ಲಿ ಹುಡುಕುವ ಅಭ್ಯಾಸ ಬಂದದ್ದು ಅಲ್ಲಿಂದ.

ಹೋಟೆಲಿನಲ್ಲಿ ನಿಮಗೆ ಏನು ಮುಖ್ಯ ಅಂತ ಯಾರನ್ನಾದರೂ ಕೇಳಿ. ರುಚಿ, ರೇಟು, ಸ್ವಚ್ಛತೆ, ಬೇಗ ಕೊಡಬೇಕು, ಪಾರ್ಕಿಂಗ್ ಇರಬೇಕು ಅಂತಾರೆ. "ಒಳಗೆ ಬಿಡಬೇಕು" ಅಂತ ಯಾರೂ ಹೇಳಲ್ಲ. ನಮ್ಮ ವಯಸ್ಸಿನ, ನಮ್ಮ ಸಂಬಳದವರಿಗೆ ಅದು ಇತ್ಯರ್ಥವಾದ ವಿಷಯ. ಆದರೆ ಅದು ತನ್ನಷ್ಟಕ್ಕೆ ಇತ್ಯರ್ಥವಾಗಲಿಲ್ಲ. ಅದಕ್ಕೊಂದು ಚರಿತ್ರೆ ಇದೆ.

ಬೆಂಗಳೂರಿನಿಂದಲೇ ಶುರು ಮಾಡೋಣ. ನಾವೆಲ್ಲ ಭಾನುವಾರ ಬೆಳಿಗ್ಗೆ ಕ್ಯೂ ನಿಲ್ಲುವ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಉಡುಪಿ ಕಡೆಯಿಂದ ಬಂದ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸೋದರರು ಶುರು ಮಾಡಿದ್ದು. ಆ ಹೆಸರನ್ನು ಇವತ್ತಿನ ಕಣ್ಣಲ್ಲಿ ನೋಡಿ ಹುಬ್ಬು ಗಂಟಿಕ್ಕುವ ಮೊದಲು ಅದು ಏನು ಕೆಲಸ ಮಾಡುತ್ತಿತ್ತು ಅಂತ ನೋಡಬೇಕು. ರೈಲು, ಆಫೀಸು, ಕೋರ್ಟು, ಕಾಲೇಜು ಅಂತ ಜನ ಊರು ಬಿಟ್ಟು ಪೇಟೆಗೆ ಬರುತ್ತಿದ್ದ ಕಾಲ ಅದು. ಹೊರಗೆ ತಿನ್ನಲೇಬೇಕು, ಆದರೆ ಮಡಿ ಮೈಲಿಗೆಯ ಭಯ. "ಅಡುಗೆ ಯಾರದ್ದು?" ಅನ್ನೋದೇ ಗಿರಾಕಿಯ ಮೊದಲ ಪ್ರಶ್ನೆ. ಬೋರ್ಡು ಅದಕ್ಕೆ ಬಾಗಿಲಲ್ಲೇ ಉತ್ತರ ಕೊಡುತ್ತಿತ್ತು. ಇವತ್ತು ಲೋಗೋ ಮಾಡುವ ಕೆಲಸವನ್ನು ಅವತ್ತು ಜಾತಿ ಮಾಡುತ್ತಿತ್ತು. ಅದೇ ಬೋರ್ಡು ಇನ್ನೊಬ್ಬರಿಗೆ ಬೇರೆಯದೇ ಸುದ್ದಿ ಹೇಳುತ್ತಿತ್ತು ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಾಲದ ದಕ್ಷಿಣ ಭಾರತದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೇ ಪ್ರತ್ಯೇಕ ಪಂಕ್ತಿ, ಪ್ರತ್ಯೇಕ ಕೋಣೆ ಇರುತ್ತಿತ್ತು.

1951ರಲ್ಲಿ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ಬಂದವರು ತಟ್ಟೆ ಲೋಟಗಳನ್ನು ಬಿಸಿನೀರು, ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು, ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿಯ ಜಾಗಕ್ಕೆ ಒಂದು ಬಡಾವಣೆಯ ಹೆಸರು ಬಂತು. ನನಗೆ ಇದು ಬರೀ ಹೆಸರಿನ ಬದಲಾವಣೆಯಾಗಿ ಕಾಣಲ್ಲ. ಯಾರು ಬೇಯಿಸಿದರು ಅನ್ನುವ ಭರವಸೆ ಹೋಗಿ ಹೇಗೆ ಬೇಯಿಸಿದರು, ಹೇಗೆ ತೊಳೆದರು ಅನ್ನುವ ಭರವಸೆ ಬಂದ ಕಾಲ ಅದು.

ಅಷ್ಟರೊಳಗೆ ಕಾನೂನೂ ಬಂದಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳ ಹೆಸರನ್ನೇ ಬರೆದಿದ್ದಾರೆ: ಜಾತಿಯ ಕಾರಣಕ್ಕೆ ಅಲ್ಲಿಗೆ ಯಾರನ್ನೂ ತಡೆಯುವ ಹಾಗಿಲ್ಲ. ದೇಶ ಕಟ್ಟುವ ದೊಡ್ಡ ಗ್ರಂಥದಲ್ಲಿ ಹೋಟೆಲಿಗೆ ಯಾಕೆ ಜಾಗ ಅಂತ ಬಿಇ ಓದುವಾಗ ನನಗೆ ಆಶ್ಚರ್ಯವಾಗಿತ್ತು. ಅಪ್ಪನಿಗೆ ಆಗುತ್ತಿರಲಿಲ್ಲ. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯೂ ಬಂತು.

ಕಾನೂನು ಬಂದ ಕೂಡಲೇ ಬೋರ್ಡು ಇಳಿಯಲಿಲ್ಲ. 1957ರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರ್ ಅನುಯಾಯಿಗಳು ಚಳವಳಿಗೆ ಕೂತರು. ಅವರ ತಕರಾರು ಇಡ್ಲಿಯ ಬಗ್ಗೆ ಅಲ್ಲ, ಬೋರ್ಡಿನ ಮೇಲಿದ್ದ 'ಬ್ರಾಹ್ಮಣ' ಅನ್ನುವ ಪದದ ಬಗ್ಗೆ. ತಿಂಗಳುಗಟ್ಟಲೆ ದಿನಾ ಒಂದಷ್ಟು ಜನ ಬಂದು ಜೈಲಿಗೆ ಹೋದರು.

ಇದೆಲ್ಲ ನಮ್ಮಲ್ಲಿ ಮಾತ್ರ, ಚೈನ್ ಹೋಟೆಲಿನ ತವರಾದ ಅಮೆರಿಕದಲ್ಲಿ ಹಾಗಿರಲಿಲ್ಲ ಅಂದುಕೊಳ್ಳಬೇಡಿ. ಅದೇ 1957ರ ಅಕ್ಟೋಬರ್‌ನಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ ಘಾನಾ ದೇಶದ ಹಣಕಾಸು ಮಂತ್ರಿ ಕೊಮ್ಲಾ ಬೆಡೆಮಾ ಡೆಲವೇರ್ ರಾಜ್ಯದ ಡೋವರ್ ಊರಿನಲ್ಲಿ ಕಾರು ನಿಲ್ಲಿಸಿ ಒಂದು ಹೋವರ್ಡ್ ಜಾನ್ಸನ್ಸ್‌ಗೆ ಹೋದರು. ಕಿತ್ತಳೆ ಬಣ್ಣದ ಸೂರು, 28 ಬಗೆಯ ಐಸ್‌ಕ್ರೀಮು, ಯಾವ ಹೆದ್ದಾರಿಯಲ್ಲಿ ನಿಲ್ಲಿಸಿದರೂ ಅದೇ ರುಚಿ. ಅಮೆರಿಕದ ಆ ಕಾಲದ ಬಹು ದೊಡ್ಡ ಚೈನ್ ಅದು. ಬೆಡೆಮಾ ಕೇಳಿದ್ದು ಕಿತ್ತಳೆ ಜ್ಯೂಸು. ಕೊಟ್ಟರು, ಆದರೆ ಕರಿಯರು ಒಳಗೆ ಕೂತು ಕುಡಿಯುವ ಹಾಗಿಲ್ಲ ಅಂದರು. ಸುದ್ದಿ ಜಗತ್ತಿಗೆಲ್ಲ ಗೊತ್ತಾಗಿ ಮುಜುಗರವಾದ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ವೈಟ್ ಹೌಸಿಗೆ ತಿಂಡಿಗೆ ಕರೆದರು. ಮಂತ್ರಿಗೇನೋ ತಿಂಡಿ ಸಿಕ್ಕಿತು. ಅದೇ ರಸ್ತೆಯಲ್ಲಿ ಹೋಗುವ ಕರಿಯ ಲಾರಿ ಡ್ರೈವರ್‌ನನ್ನು ಯಾವ ಅಧ್ಯಕ್ಷರೂ ಕರೆಯುವುದಿಲ್ಲ.

1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ಕು ಕರಿಯ ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಅಲ್ಲಿ ಕರಿಯರು ಸಾಮಾನು ಕೊಳ್ಳಬಹುದಿತ್ತು, ಕೌಂಟರಿನಲ್ಲಿ ಕೂತು ತಿನ್ನುವ ಹಾಗಿರಲಿಲ್ಲ. ಕಾಫಿ ಕೊಡಲಿಲ್ಲ, ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ಇಲ್ಲೊಂದು ಸ್ವಾರಸ್ಯ ಇದೆ. ವುಲ್ವರ್ತ್ ಕೂಡ ಚೈನ್. ದಕ್ಷಿಣದ ಒಂದು ಬ್ರಾಂಚಿನಲ್ಲಿ ಆದ ಅವಮಾನಕ್ಕೆ ಉತ್ತರದ ನ್ಯೂಯಾರ್ಕಿನ ಬ್ರಾಂಚಿನ ಮುಂದೆ ಜನ ಬೋರ್ಡು ಹಿಡಿದು ನಿಂತರು. ಎಲ್ಲ ಕಡೆ ಒಂದೇ ಅಂತ ಹೇಳಿಕೊಂಡು ಬೆಳೆದ ಕಂಪನಿಗೆ, ಒಂದು ಕಡೆ ಮಾಡಿದ ತಪ್ಪಿಗೆ ಎಲ್ಲ ಕಡೆಯೂ ಉತ್ತರ ಹೇಳಬೇಕಾಯಿತು. ಜುಲೈ ಹೊತ್ತಿಗೆ ಗ್ರೀನ್ಸ್‌ಬರೋ ಕೌಂಟರು ಎಲ್ಲರಿಗೂ ತೆರೆಯಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ದೇಶದ ಎಲ್ಲ ಹೋಟೆಲುಗಳ ಬಾಗಿಲನ್ನೂ ತೆರೆಸಿತು.

ಅಂದರೆ ಚೈನ್ ಹೋಟೆಲು ತಾನಾಗಿಯೇ ಸಮಾನತೆ ತರಲಿಲ್ಲ. ತಟ್ಟೆಯಲ್ಲಿರೋದು ಎಲ್ಲ ಕಡೆ ಒಂದೇ ಇರಬೇಕು ಅನ್ನೋದಷ್ಟೇ ಅದರ ವ್ಯಾಪಾರ. ತಟ್ಟೆಯ ಮುಂದೆ ಕೂರುವವನೂ ಒಂದೇ ಅಂತ ಒಪ್ಪಿಸಿದ್ದು ಜೈಲಿಗೆ ಹೋದ, ಕೌಂಟರಿನಲ್ಲಿ ಕೂತು ಉಗುಳಿಸಿಕೊಂಡ ಜನ.

ಮತ್ತೆ ಬೆಂಗಳೂರಿಗೆ ಬರೋಣ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಅದರ ಹಿಂದಿನ ಐಡಿಯಾ ಆರ್. ಪ್ರಭಾಕರ್ ಅವರದು. ಕುರ್ಚಿ ಇಲ್ಲ, ಮಾಣಿ ಇಲ್ಲ, ದುಡ್ಡು ಕೊಟ್ಟು ಟೋಕನ್ ತಗೋ, ನಿಂತು ತಿನ್ನು, ಹೋಗು. ಅಡುಗೆಮನೆ ಎಲ್ಲರ ಕಣ್ಣೆದುರಿಗೇ. ಸಣ್ಣ ಜಾಗ, ಕಡಿಮೆ ಸಮಯ, ಕಡಿಮೆ ರೇಟು. ಮುಂದೆ ಸಾವಿರಾರು ಜನ ಅದೇ ಮಾದರಿ ನೋಡಿ ತಮ್ಮದೇ ದರ್ಶಿನಿ ತೆರೆದರು. ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳೋದಾದರೆ ಅಮೆರಿಕದ ಫ್ರಾಂಚೈಸಿ ಲೈಸೆನ್ಸ್ಡ್ ಸಾಫ್ಟ್‌ವೇರ್, ನಮ್ಮ ದರ್ಶಿನಿ ಓಪನ್ ಸೋರ್ಸ್. ಓನರ್ ಯಾರೇ ಇರಲಿ, ಒಳಗೆ ಏನು ಸಿಗುತ್ತೆ, ಹೇಗೆ ಸಿಗುತ್ತೆ ಅಂತ ಬಾಗಿಲಲ್ಲೇ ಗೊತ್ತು.

ಕೂರುವ ಜಾಗವೇ ಇಲ್ಲದ ಮೇಲೆ ಯಾರನ್ನು ಎಲ್ಲಿ ಕೂರಿಸೋದು ಅನ್ನುವ ಪ್ರಶ್ನೆಯೂ ಇಲ್ಲ. ಟೋಕನ್ ಮೇಲೆ ಬರೀ ನಂಬರು, ಹೆಸರಿಲ್ಲ, ಊರಿಲ್ಲ. ಅಪ್ಪ ಆ ಟಬ್ಬಿನ ಮುಂದೆ ನಿಂತು ನೋಡಿದ್ದು ಇದನ್ನೇ.

ಹಾಗಂತ ಹಳೆಯ ಪ್ರಶ್ನೆ ಸತ್ತಿದೆ ಅಂತಲ್ಲ. 1996ರಲ್ಲಿ ಭಾರತಕ್ಕೆ ಬಂದ ಮೆಕ್‌ಡೊನಾಲ್ಡ್ಸ್ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟು ಬಂತು. ಅಷ್ಟೇ ಅಲ್ಲ, ಸಸ್ಯಾಹಾರ ಮಾಡುವ ಜಾಗವನ್ನೇ ಬೇರೆ ಮಾಡಿತು, ಅಲ್ಲಿ ಕೆಲಸ ಮಾಡುವವರಿಗೆ ಹಸಿರು ಏಪ್ರನ್ ಕೊಟ್ಟಿತು. "ಅಡುಗೆ ಯಾರದ್ದು?" ಅನ್ನೋದು "ಯಾವ ಕಡೆಯದ್ದು?" ಆಯಿತು. ಯಾರು ಏನು ತಿನ್ನಬೇಕು ಅನ್ನೋದು ಅವರವರ ಇಷ್ಟ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಊಟದ ಸುತ್ತ ಗೆರೆ ಎಳೆಯುವಾಗ ಆ ಗೆರೆ ಊಟದ ಹತ್ತಿರವೇ ನಿಲ್ಲುತ್ತಾ, ಊಟ ತಂದವನ ಮೇಲೂ ಹೋಗುತ್ತಾ ಅಂತ ನೋಡುತ್ತಿರಬೇಕು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಡೆಲಿವರಿ ಹುಡುಗರು ನಮ್ಮ ಲಿಫ್ಟ್ ಹತ್ತುವ ಹಾಗಿಲ್ಲ. ಅವರಿಗೆ ಸರ್ವೀಸ್ ಲಿಫ್ಟು.

ಇದನ್ನು ಬೇರೆಯವರಿಗೆ ಬುದ್ಧಿ ಹೇಳೋಕೆ ಬರೆಯುತ್ತಿಲ್ಲ. ಹೋದ ಬೇಸಿಗೆಯಲ್ಲಿ ಅಪ್ಪ ಮನೆಗೆ ಬಂದಿದ್ದಾಗ ರಾತ್ರಿ ಊಟ ಆರ್ಡರ್ ಮಾಡಿದ್ದೆ. ಸರ್ವೀಸ್ ಲಿಫ್ಟು ಕೆಟ್ಟಿತ್ತು. ಹುಡುಗ ಐದು ಮಹಡಿ ಹತ್ತಿಕೊಂಡು ಬಂದು, "ಸಾರ್, ಸ್ವಲ್ಪ ನೀರು" ಅಂದ. ನಾನು ಒಳಗೆ ಹೋಗಿ, ಯಾವುದೋ ಬರ್ತ್‌ಡೇ ಪಾರ್ಟಿಯಲ್ಲಿ ಉಳಿದಿದ್ದ ಪೇಪರ್ ಕಪ್ಪು ಹುಡುಕುತ್ತಿದ್ದೆ. ಯಾಕೆ ಅಂತ ಆಗ ಕೇಳಿದ್ದರೆ "ಹೈಜೀನು" ಅಂತಿದ್ದೆನೋ ಏನೋ.

ಅಪ್ಪ ನನ್ನ ಕೈ ನೋಡಿದ. "ಯಾಕ್ಲಾ, ಮನೇಲಿ ಲೋಟ ಇಲ್ವಾ?" ಅಂದ. ತಾನು ಕುಡಿಯುವ ಸ್ಟೀಲ್ ಲೋಟ ತೊಳೆದು ತುಂಬಿಸಿಕೊಂಡು ಹೋಗಿ ಕೊಟ್ಟ. ಹುಡುಗ ಕುಡಿದು, ಲೋಟ ಹಿಡಿದುಕೊಂಡೇ ಆಚೀಚೆ ನೋಡಿದ.

"ಕೊಡಪ್ಪ ಇಲ್ಲಿ, ನಾವು ತೊಳ್ಕೊಂತೀವಿ" ಅಂದ ಅಪ್ಪ.