ವಿಷವಾಯುವೂ ಪ್ರಾಣವಾಯುವೂ

ಶತ್ರುವನ್ನು ಹೊಗೆಯಿಂದ ಕೊಲ್ಲುವ ಯೋಚನೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹದಿನಾಲ್ಕನೆಯ ಅಧಿಕರಣದಲ್ಲಿ ಪ್ರಾಣಹರವಾದ ಧೂಮಗಳ ವಿಧಾನವಿದೆ. ಅದರೊಡನೆಯೇ ಸ್ವಬಲಕ್ಕೆ ಒದಗುವ ಉಪಘಾತದ ಪ್ರತೀಕಾರವನ್ನು ಹೇಳುವ ಅಧ್ಯಾಯವೂ ಇದೆ. ಆ ಔಷಧಗಳ ಗುಣದ ಮಾತು ಹಾಗಿರಲಿ. ವಿಷವನ್ನು ಹೇಳಿದವನು ಪರಿಹಾರವನ್ನೂ ಹೇಳಬೇಕೆಂಬ ವಿವೇಕವಂತೂ ಅಲ್ಲಿ ಉಂಟು. ಯೂರೋಪಿನ ಮಹಾಯುದ್ಧದಲ್ಲಿ ವಿಷವು ಮೊದಲು ಬಂದಿತು. ಪರಿಹಾರವನ್ನು ಆಮೇಲೆ ಹುಡುಕಬೇಕಾಯಿತು.

1915ನೆಯ ಇಸವಿ ಏಪ್ರಿಲ್ 22ರ ಸಂಜೆ, ಬೆಲ್ಜಿಯಮ್ ದೇಶದ ಈಪ್ರ್ ಪಟ್ಟಣದ ಬಳಿ, ಜರ್ಮನರು ಸುಮಾರು 6000 ಉಕ್ಕಿನ ಸಿಲಿಂಡರುಗಳಿಂದ 150 ಟನ್ನಿಗೂ ಮಿಕ್ಕ ಕ್ಲೋರೀನನ್ನು ಗಾಳಿಗೆ ಬಿಟ್ಟರು. ಈ ಕಾರ್ಯವನ್ನು ನಡೆಯಿಸಿದವನು ರಸಾಯನಶಾಸ್ತ್ರಜ್ಞನಾದ ಫ್ರಿಟ್ಸ್ ಹಾಬರ್. ಉಸಿರುಗಟ್ಟಿಸುವ ಅನಿಲವನ್ನು ಹರಡುವ ಗುಂಡುಗಳನ್ನು 1899ರ ಹೇಗ್ ಘೋಷಣೆ ನಿಷೇಧಿಸಿದ್ದಿತು, ಸಿಲಿಂಡರು ಗುಂಡಲ್ಲವಷ್ಟೆ! ಹಳದಿ ಬೆರೆತ ಹಸುರು ಮೋಡವು ನೆಲವನ್ನು ತಬ್ಬಿಕೊಂಡು ಬಂದು ಫ್ರೆಂಚರ ಮತ್ತು ಆಲ್ಜೀರಿಯದವರ ಕಂದಕಗಳಿಗೆ ಇಳಿಯಿತು. ಕ್ಲೋರೀನು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ಕಂದಕದ ತಳದಲ್ಲಿ ಮಲಗಿದವರೇ ಹೆಚ್ಚು ಕೆಟ್ಟರು. ಓಡಿದವರೂ ಕೆಟ್ಟರು, ಓಟದಿಂದ ಉಸಿರು ಆಳವಾಯಿತು, ಮೋಡವೂ ಅವರ ಸಂಗಡವೇ ಸಾಗಿತು. ಏಪ್ರಿಲ್ 26ರಂದು ಅಲ್ಲಿಯೇ ಮುನ್ನುಗ್ಗಿದ ಭಾರತೀಯರ ಲಾಹೋರ್ ಡಿವಿಜನ್ನಿನ ಮೇಲೂ ವಿಷವಾಯು ಬಂದಿತು. ಅವರಲ್ಲಿ ಒದ್ದೆ ಬಟ್ಟೆಯ ಹೊರತು ಬೇರೆ ರಕ್ಷಣೆ ಇರಲಿಲ್ಲ.

ಬ್ರಿಟಿಷ್ ಸರಕಾರವು ಜಾನ್ ಸ್ಕಾಟ್ ಹಾಲ್ಡೇನನನ್ನು ಫ್ರಾನ್ಸಿಗೆ ಕಳುಹಿಸಿತು. ಗಣಿಗಳಲ್ಲಿ ಸತ್ತವರ ಸಾವಿಗೆ ಕಾರಣವಾದ ಅನಿಲಗಳನ್ನು ಬಹುವರ್ಷ ಶೋಧಿಸಿದ್ದ ಶರೀರಶಾಸ್ತ್ರಜ್ಞನಾತ. ರೋಗಿಗಳನ್ನೂ ಶವಪರೀಕ್ಷೆಯನ್ನೂ ನೋಡಿ, ಇದು ಕ್ಲೋರೀನೆಂದು ನಿಶ್ಚಯಿಸಿದನು. ಶ್ವಾಸನಾಳದ ತೇವವನ್ನು ಸೋಂಕಿ ಈ ವಿಷವು ಆಮ್ಲವಾಗಿ ಒಳಪೊರೆಯನ್ನು ಸುಡುತ್ತದೆ. ರಕ್ತದೊಳಗಿನ ನೀರು ಶ್ವಾಸಕೋಶದ ಗಾಳಿಗೂಡುಗಳಿಗೆ ಒಸರುತ್ತದೆ. ಮನುಷ್ಯನು ಒಣನೆಲದಲ್ಲಿಯೇ ಮುಳುಗಿ ಸಾಯುತ್ತಾನೆ.

ಅದೇ ವರ್ಷ ಡಿಸೆಂಬರ್ 19ರಂದು ಕ್ಲೋರೀನಿನೊಡನೆ ಫಾಸ್‌ಜೀನ್ ಬೆರೆತು ಬಂದಿತು. ಇದರ ವಂಚನೆ ಬೇರೆ ತೆರನಾದುದು. ಸ್ವಲ್ಪ ಕೆಮ್ಮಿದವನು ಚೇತರಿಸಿಕೊಂಡು, ಊಟ ಮಾಡಿ, ಕೆಲಸಕ್ಕೂ ಹೊರಡುತ್ತಿದ್ದನು. ಕೆಲವು ಗಂಟೆಗಳು ಕಳೆದ ಬಳಿಕ, ಒಮ್ಮೊಮ್ಮೆ ಒಂದು ದಿನವೇ ಸಂದ ಬಳಿಕ, ಶ್ವಾಸಕೋಶವು ನೀರಿನಿಂದ ತುಂಬಿ ಕುಸಿಯುತ್ತಿದ್ದನು. ನಡೆದಾಡಿದವನ ಗತಿ ಮತ್ತಷ್ಟು ಕಠಿನ. ಆದಕಾರಣ ಆರೋಗ್ಯವಂತನಂತೆ ಕಾಣುವವನನ್ನೂ ಮಲಗಿಸಿ, ಹೊತ್ತೇ ಸಾಗಿಸಬೇಕೆಂಬ ನಿಯಮ ಹುಟ್ಟಿತು. ಯುದ್ಧದ ಆಸ್ಪತ್ರೆಗಳಲ್ಲಿ ಕಲಿತ ಪಾಠಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಕಡಿಮೆ.

ಪ್ರತಿವಿಷವೆಂಬುದು ಎರಡಕ್ಕೂ ದೊರೆಯಲಿಲ್ಲ; ಇಂದಿಗೂ ದೊರೆತಿಲ್ಲ. ದೊರೆತುದು ಪ್ರಾಣವಾಯುವನ್ನು ಕ್ರಮವಾಗಿ ಕೊಡುವ ವಿದ್ಯೆ. ಅದುವರೆಗೆ ಆಲಿಕೆಯೊಂದನ್ನು ರೋಗಿಯ ಬಾಯ ಮುಂದೆ ಹಿಡಿದು ಆಮ್ಲಜನಕವನ್ನು ಬಿಡುವ ವಾಡಿಕೆಯಿದ್ದಿತು. ಬಹುಪಾಲು ಕೋಣೆಯ ಗಾಳಿಗೇ ದಾನವಾಗುತ್ತಿದ್ದಿತು. ಹಾಲ್ಡೇನನು ಮುಖಕ್ಕೆ ಒಪ್ಪುವ ಮುಸುಕಿನಿಂದ ಅಳತೆಯರಿತು ಬಿಡುವಿಲ್ಲದೆ ಕೊಡುವ ಉಪಕರಣವನ್ನು ರಚಿಸಿ, 1917ರಲ್ಲಿ ಅದರ ವಿಷಯವಾಗಿ ಲೇಖನವನ್ನೂ ಪ್ರಕಟಿಸಿದನು. ಈ ಕ್ರಮವು ಮುಂದೆ ಶ್ವಾಸರೋಗದ ಚಿಕಿತ್ಸೆಗೆ ತಳಹದಿಯಾಯಿತು. ರಕ್ಷಣೆಯ ಕಡೆಯಲ್ಲಿಯಾದರೋ, ಸೋಡದ ದ್ರವದಲ್ಲಿ ಅದ್ದಿದ ಹತ್ತಿಯ ಪಟ್ಟಿಯಿಂದ ಮೊದಲಾಗಿ, 1916ರ ಹೊತ್ತಿಗೆ ಇದ್ದಿಲು ತುಂಬಿದ ಪೆಟ್ಟಿಗೆಯ ಮುಖವಾಡ ಬಂದಿತು. ಇದ್ದಿಲಿನಿಂದ ಉಳಿದ ಪ್ರಾಣಗಳು ಔಷಧದಿಂದ ಉಳಿದವುಗಳಿಗಿಂತ ಅಧಿಕವೆಂದರೆ ತಪ್ಪಾಗದು.

ವಿಷವಾಯುವಿನ ಯುದ್ಧಪ್ರಯೋಗವನ್ನು 1925ರ ಜಿನೀವಾ ಒಡಂಬಡಿಕೆ ನಿಷೇಧಿಸಿತು. ಆದರೆ ಕಾರ್ಖಾನೆಗೆ ಯುದ್ಧ ಬೇಕಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಹೊರಬಿದ್ದಾಗ, ನಿದ್ರೆಯಿಂದೆದ್ದ ಜನರು ಈಪ್ರಿನ ಸೈನಿಕರಂತೆಯೇ ಓಡಿದರು. ಬಂದ ಅನಿಲವಾವುದು, ಅದಕ್ಕೆ ಮಾಡತಕ್ಕುದೇನು ಎಂಬುದು ಆ ರಾತ್ರಿ ಅಲ್ಲಿನ ವೈದ್ಯರಿಗೆ ತಿಳಿದಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಿರೆಂಬಷ್ಟನ್ನೂ ಸುತ್ತಲಿನ ಬಡಾವಣೆಗಳವರಿಗೆ ಮೊದಲೇ ಕಲಿಸಿರಲಿಲ್ಲ.