ಕಾರಿನ ಬಣ್ಣ ಯಾರ ಆಯ್ಕೆ?

ಹೊಸ ಕಾರು ಕೊಳ್ಳಲು ಹೊರಟ ಮನೆಯಲ್ಲಿ ಎಂಜಿನ್ನಿನ ಬಗ್ಗೆ ಹೆಚ್ಚು ಚರ್ಚೆ ನಡೆಯುವುದಿಲ್ಲ. ಗೊತ್ತಿದ್ದವರು ಯಾರಾದರೂ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಸಾಲ, ಕಂತು, ವಿಮೆಯ ಲೆಕ್ಕ ಮನೆಯ ಯಜಮಾನರಿಗೆ ಬಿಟ್ಟದ್ದು. ಆದರೆ ಷೋರೂಮಿನವರು ಬಣ್ಣದ ಹಾಳೆಯನ್ನು ಮುಂದಿಟ್ಟ ಕೂಡಲೇ ಎಲ್ಲರಿಗೂ ಮಾತು ಬರುತ್ತದೆ. ಮಗಳಿಗೆ ಕೆಂಪು ಬೇಕು. ಮಗನಿಗೆ ಕಡುನೀಲಿ. ಶುಭಕಾರ್ಯಗಳಿಗೆ ಹೋಗುವ ಗಾಡಿ, ಕಪ್ಪು ಮಾತ್ರ ಬೇಡ ಎನ್ನುತ್ತಾರೆ ಅಜ್ಜಿ. ಬಿಳಿ ತಗೊಂಡರೆ ಟ್ಯಾಕ್ಸಿ ಹಾಗೆ ಕಾಣುತ್ತೆ ಎಂಬುದು ಚಿಕ್ಕಪ್ಪನ ತಕರಾರು. ಅರ್ಧ ಗಂಟೆ ವಾದ ನಡೆದ ಮೇಲೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ: ‘ನಾಳೆ ಮಾರುವಾಗ ಯಾವ ಬಣ್ಣಕ್ಕೆ ಒಳ್ಳೆ ಬೆಲೆ ಬರುತ್ತೆ?’ ಅಲ್ಲಿಗೆ ವಾದ ಮುಗಿಯಿತು. ಬಿಳಿ ಕಾರು ಮನೆಗೆ ಬರುತ್ತದೆ.

ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಸುರಿದು ಕೊಳ್ಳುವ ವಸ್ತುವಿನಲ್ಲಿ ನಮ್ಮ ಇಷ್ಟಕ್ಕೆಂದು ಉಳಿದಿರುವುದು ಬಹುಮಟ್ಟಿಗೆ ಅದರ ಬಣ್ಣವೊಂದೇ. ಅದನ್ನೂ ನಾವು ಮುಂದೆಂದೋ ಆ ಕಾರನ್ನು ಕೊಳ್ಳಲಿರುವ ಅಪರಿಚಿತನ ಮರ್ಜಿಗೆ ಬಿಟ್ಟುಬಿಡುತ್ತೇವೆ. ವಿಚಿತ್ರವೆನಿಸಿದರೂ ಇದು ಹೊಸದೇನಲ್ಲ. ಕಾರು ಹುಟ್ಟಿದಂದಿನಿಂದ ಅದರ ಬಣ್ಣವನ್ನು ಕೊಳ್ಳುವವನೊಬ್ಬನೇ ತೀರ್ಮಾನಿಸಿದ್ದು ಕಡಿಮೆ. ಒಮ್ಮೆ ಕಾರ್ಖಾನೆಯ ವೇಗ ತೀರ್ಮಾನಿಸಿತು, ಒಮ್ಮೆ ರಸಾಯನಶಾಸ್ತ್ರ, ಇನ್ನೊಮ್ಮೆ ಸರ್ಕಾರದ ಪರವಾನಗಿ ಪದ್ಧತಿ.

ಫೋರ್ಡನ ಕಪ್ಪು

ಮೊದಲ ಕಾಲದ ಕಾರುಗಳಿಗೆ ಬಣ್ಣ ಬಳಿದವರು ಕುದುರೆ ಸಾರೋಟುಗಳಿಗೆ ಬಣ್ಣ ಬಳಿಯುತ್ತಿದ್ದ ಕುಶಲಕರ್ಮಿಗಳೇ. ಅವರ ವಿಧಾನವೂ ಹಳೆಯದೇ. ಎಣ್ಣೆ ಬೆರೆಸಿದ ಬಣ್ಣವನ್ನು ಕುಂಚದಿಂದ ಬಳಿಯಬೇಕು, ಒಣಗಲು ಬಿಡಬೇಕು, ಉಜ್ಜಿ ನಯ ಮಾಡಬೇಕು, ಮತ್ತೆ ಬಳಿಯಬೇಕು. ಹೀಗೆ ಪದರದ ಮೇಲೆ ಪದರ. ಒಂದು ಕಾರು ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ವರ್ಷಕ್ಕೆ ಕೆಲವೇ ನೂರು ಕಾರು ತಯಾರಾಗುವಾಗ, ಕೊಳ್ಳುವವರು ಸಿರಿವಂತರೇ ಆಗಿರುವಾಗ, ಇದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಅಮೆರಿಕದ ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ ಕಾರನ್ನು ಮಾರುಕಟ್ಟೆಗೆ ತಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಗ್ರಾಹಕರು ಯಾವ ಬಣ್ಣವನ್ನು ಬೇಕಾದರೂ ಆರಿಸಿಕೊಳ್ಳಬಹುದು, ಅದು ಕಪ್ಪಾಗಿದ್ದರೆ ಸಾಕು ಎಂಬರ್ಥದ ಫೋರ್ಡನ ಮಾತು ಇಂದಿಗೂ ಪ್ರಸಿದ್ಧ. 1922ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ತಾನು ಈ ಮಾತನ್ನು 1909ರಲ್ಲೇ ಆಡಿದ್ದೆನೆಂದು ಅವನು ಬರೆದುಕೊಂಡಿದ್ದಾನೆ. ತಮಾಷೆಯೆಂದರೆ 1909ರ ಹೊತ್ತಿಗೆ ಮಾಡೆಲ್ ಟಿ ಕಪ್ಪು ಬಣ್ಣದಲ್ಲಿ ಬರುತ್ತಲೇ ಇರಲಿಲ್ಲ. ಹಸಿರು, ಕೆಂಪು, ಬೂದು ಕಾರುಗಳಿದ್ದವು. ಕೆಲವು ವರ್ಷಗಳ ಬಳಿಕ ಕಡುನೀಲಿ ಬಂತು. ಕಪ್ಪೊಂದೇ ಎಂಬ ನಿಯಮ ನಡೆದದ್ದು 1914ರಿಂದ 1925ರವರೆಗೆ.

ಆ ನಿಯಮದ ಹಿಂದೆ 1913ರ ಒಂದು ಬದಲಾವಣೆಯಿದೆ. ಆ ವರ್ಷ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ. ಚಾಸಿಯ ಜೋಡಣೆಗೆ 12 ತಾಸಿಗೂ ಮೀರಿ ಬೇಕಾಗುತ್ತಿದ್ದದ್ದು ಕೆಲವೇ ತಿಂಗಳಲ್ಲಿ ಸುಮಾರು ಒಂದೂವರೆ ತಾಸಿಗೆ ಇಳಿಯಿತು. ಒಂದೂವರೆ ತಾಸಿನಲ್ಲಿ ಸಿದ್ಧವಾಗುವ ಗಾಡಿ ಬಣ್ಣಕ್ಕಾಗಿ ವಾರಗಟ್ಟಲೆ ಕಾದು ನಿಂತರೆ ಕಾರ್ಖಾನೆಯೇ ಗೋದಾಮಾಗುತ್ತದೆ. ಹಾಗಾಗಿ ಡಾಂಬರಿನ ಜಾತಿಯ ವಸ್ತುವನ್ನು ಅಗಸೆ ಎಣ್ಣೆಯಲ್ಲಿ ಬೆರೆಸಿದ ಕಪ್ಪು ಬಣ್ಣಗಳು ಬಳಕೆಗೆ ಬಂದವು. ಕೆಲವು ಭಾಗಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ, ಇನ್ನು ಕೆಲವಕ್ಕೆ ಮೇಲಿನಿಂದ ಸುರಿದು, ಹಲವನ್ನು ಒಲೆಯಲ್ಲಿ ಬೇಯಿಸಿ ಒಣಗಿಸುತ್ತಿದ್ದರು. ಈ ಬಣ್ಣ ಅಗ್ಗ, ಗಟ್ಟಿ, ತುಕ್ಕನ್ನೂ ತಡೆಯುತ್ತಿತ್ತು. ಆದರೆ ಡಾಂಬರಿನ ಗುಣವೇ ಕಪ್ಪಾದ್ದರಿಂದ ಅದರಲ್ಲಿ ತಿಳಿಯಾದ ಬಣ್ಣ ಹುಟ್ಟುವಂತಿರಲಿಲ್ಲ.

ಜನ ಇದಕ್ಕಾಗಿ ಸಿಟ್ಟಾಗಲಿಲ್ಲ. 1908ರಲ್ಲಿ 850 ಡಾಲರ್ ಇದ್ದ ಕಾರು 1920ರ ದಶಕದ ಮಧ್ಯದ ಹೊತ್ತಿಗೆ 300 ಡಾಲರಿಗೂ ಕೆಳಗೆ ಬಂದಿತ್ತು. ಬಣ್ಣ ಬಿಟ್ಟುಕೊಟ್ಟು ಕಾರು ಪಡೆದುಕೊಂಡ ರೈತರಿಗೂ ಕಾರ್ಮಿಕರಿಗೂ ಅದು ಲಾಭದ ವ್ಯಾಪಾರವೇ ಆಗಿತ್ತು.

ಮದ್ದಿನಿಂದ ಮೆರುಗಿಗೆ

ಕಪ್ಪಿನ ಆಳ್ವಿಕೆಯನ್ನು ಮುರಿದದ್ದು ಸಿಡಿಮದ್ದಿನ ಕಾರ್ಖಾನೆ. ಮೊದಲನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳಿಗೆ ದೊಡ್ಡ ಪ್ರಮಾಣದಲ್ಲಿ ಮದ್ದು ಪೂರೈಸಿದ ಡ್ಯುಪಾಂಟ್ ಕಂಪೆನಿಯ ಮುಖ್ಯ ಸರಕು ನೈಟ್ರೋಸೆಲ್ಯುಲೋಸ್. ಹತ್ತಿಯನ್ನು ಆಮ್ಲಗಳಲ್ಲಿ ನೆನೆಸಿ ತಯಾರಿಸುವ ವಸ್ತು ಇದು. 1918ರಲ್ಲಿ ಯುದ್ಧ ಮುಗಿದ ಮೇಲೆ ಅದಕ್ಕೆ ಬೇರೆ ಉಪಯೋಗ ಹುಡುಕಬೇಕಾಯಿತು. ಅದರಿಂದ ಮೆರುಗೆಣ್ಣೆ ಮಾಡಬಹುದೆಂಬುದು ಮೊದಲೇ ಗೊತ್ತಿತ್ತು. ಆದರೆ ದ್ರಾವಣ ತೀರ ಮಂದವಾಗಿರುತ್ತಿದ್ದುದರಿಂದ ಹೆಚ್ಚು ನೀರು ಮಾಡಿಯೇ ಬಳಿಯಬೇಕಿತ್ತು. ಆಗ ಬಣ್ಣದ ಪುಡಿ ಸಾಲದೆ ತೆಳುವಾಗುತ್ತಿತ್ತು. 1920ರಲ್ಲಿ ಕಂಪೆನಿಯ ರಸಾಯನ ತಜ್ಞರಿಗೆ ಆ ಮಂದವನ್ನು ಕಡಿಮೆ ಮಾಡುವ ದಾರಿ ಸಿಕ್ಕಿತು. ಸಾಕಷ್ಟು ಬಣ್ಣವನ್ನು ಹೊರಬಲ್ಲ, ಗಾಳಿಯ ಒತ್ತಡದಿಂದ ಸಿಂಪಡಿಸಬಲ್ಲ, ವಾರಗಳ ಬದಲು ಗಂಟೆಗಳಲ್ಲಿ ಒಣಗುವ ಬಣ್ಣ ತಯಾರಾಯಿತು. ಅದರ ಹೆಸರು ‘ಡ್ಯೂಕೊ’.

ಈ ಹೆಸರು ನಮಗೂ ಪರಿಚಿತ. ನಮ್ಮ ಬಡಗಿಗಳೂ ಗ್ಯಾರೇಜಿನವರೂ ಯಾವ ಕಂಪೆನಿಯ ಬಣ್ಣವನ್ನು ಸಿಂಪಡಿಸಿದರೂ ‘ಡ್ಯೂಕೊ ಹೊಡೆಯೋದು’ ಎನ್ನುವುದುಂಟು. ಈ ಜಾತಿಯ ಬಣ್ಣಕ್ಕೆ ಇಂಗ್ಲಿಷಿನಲ್ಲಿರುವ ‘ಲ್ಯಾಕರ್’ ಎಂಬ ಪದದ ಮೂಲ ನಮ್ಮ ‘ಲಾಕ್ಷಾ’, ಅಂದರೆ ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಇಂದಿಗೂ ಮೆರುಗು ಕೊಡುವ ಅರಗು ಅದೇ. ಡ್ಯೂಕೊದಲ್ಲಿ ಅರಗಿಲ್ಲದಿದ್ದರೂ ಹೆಸರು ಉಳಿಯಿತು. ಹೊತ್ತಿ ಉರಿಯುವ ಗುಣದಲ್ಲಿ ಮಾತ್ರ ಮಹಾಭಾರತದ ಅರಗಿನ ಮನೆಗೆ ಇದೇನೂ ಕಡಿಮೆಯಿರಲಿಲ್ಲ.

ಡ್ಯೂಕೊ ಬಳಿದ ನೀಲಿ ಕಾರುಗಳನ್ನು 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ‘ಓಕ್‌ಲ್ಯಾಂಡ್’ ವಿಭಾಗದ ಮೂಲಕ ಹೊರತಂದಿತು. ಅದೇ ವರ್ಷ ಕಂಪೆನಿಯ ಅಧ್ಯಕ್ಷನಾದ ಆಲ್‌ಫ್ರೆಡ್ ಸ್ಲೋನ್ ಫೋರ್ಡನಿಗೆ ತದ್ವಿರುದ್ಧ ದಾರಿ ಹಿಡಿದ. ಒಂದೇ ಕಾರನ್ನು ಎಲ್ಲರಿಗೂ ಮಾರುವುದರ ಬದಲು ಒಬ್ಬೊಬ್ಬರ ಜೇಬಿಗೂ ಒಂದೊಂದು ಕಾರು ಎಂಬುದು ಅವನ ನೀತಿ. ಇದ್ದ ಕಾರು ಹಳತೆನಿಸಿದರೆ ತಾನೇ ಹೊಸದನ್ನು ಕೊಳ್ಳುವುದು? 1927ರಲ್ಲಿ ಅವನು ‘ಕಲೆ ಮತ್ತು ಬಣ್ಣ’ಕ್ಕಾಗಿಯೇ ಒಂದು ವಿಭಾಗ ತೆರೆದು ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನನ್ನು ಅದರ ಮುಖ್ಯಸ್ಥನಾಗಿ ನೇಮಿಸಿದ. 1926ರ ಮಾದರಿಗಳಲ್ಲಿ ಫೋರ್ಡ್ ಕೂಡ ಬಣ್ಣಗಳನ್ನು ಮರಳಿ ತಂದ, ಆದರೆ ತಡವಾಗಿತ್ತು. ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ತಯಾರಾದ ಮೇಲೆ 1927ರ ಮೇ ತಿಂಗಳಲ್ಲಿ ಅದರ ಉತ್ಪಾದನೆ ನಿಂತಿತು.

ಇದನ್ನು ಗ್ರಾಹಕನ ಗೆಲುವೆಂದು ಹೇಳಬಹುದು. ಆದರೆ ತೆರೆಯ ಹಿಂದೆ ಬೇರೆ ಲೆಕ್ಕವೂ ಇತ್ತು. ಬಣ್ಣ ಮಾರುತ್ತಿದ್ದ ಡ್ಯುಪಾಂಟ್ ಕಂಪೆನಿಯೇ ಕಾರು ಮಾಡುತ್ತಿದ್ದ ಜನರಲ್ ಮೋಟಾರ್ಸಿನಲ್ಲಿ ಶೇಕಡಾ 23ರಷ್ಟು ಷೇರು ಹೊಂದಿತ್ತು. ಬಣ್ಣ ಮತ್ತು ಬಟ್ಟೆಯ ವ್ಯಾಪಾರ ಈ ನಂಟಿನಿಂದಾಗಿ ಸ್ಪರ್ಧೆಯಿಲ್ಲದೆ ನಡೆಯಿತೆಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರಲ್ಲಿ ತೀರ್ಪು ಡ್ಯುಪಾಂಟ್ ವಿರುದ್ಧ ಬಂತು. ಕಾಮನಬಿಲ್ಲಿಗೂ ಒಬ್ಬ ಮಾಲೀಕನಿದ್ದ.

ಸಿಕ್ಕ ಬಣ್ಣವೇ ಸೈ

1950ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ಗುಲಾಬಿ, ತಿಳಿನೀಲಿ, ಎರಡು ಬಣ್ಣ ಸೇರಿದ ಕಾರುಗಳು ಮೆರೆಯುತ್ತಿದ್ದಾಗ ಭಾರತದ ಕಥೆ ಬೇರೆಯೇ ಇತ್ತು. ಎಷ್ಟು ಕಾರು ತಯಾರಾಗಬೇಕೆಂಬುದನ್ನು ಇಲ್ಲಿ ಸರ್ಕಾರದ ಪರವಾನಗಿ ನಿರ್ಧರಿಸುತ್ತಿತ್ತು. ಕಲ್ಕತ್ತ ಬಳಿಯ ಉತ್ತರಪಾರಾದ ಅಂಬಾಸಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬಿಟ್ಟರೆ ಹೆಚ್ಚಿನ ಆಯ್ಕೆಯಿರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾದವರಿಗೆ ಸರದಿ ಬಂದದ್ದೇ ಹಬ್ಬ. ಹಾಗಿರುವಾಗ ಬಣ್ಣದ ಬಗ್ಗೆ ತಕರಾರು ತೆಗೆಯುವ ಧೈರ್ಯ ಯಾರಿಗಿದ್ದೀತು? ಅಂಬಾಸಡರಿನ ಬಿಳಿ ಸರ್ಕಾರಿ ಅಧಿಕಾರದ ಗುರುತಾಯಿತು. ಮುಂಬಯಿಯ ಫಿಯೆಟ್ ಟ್ಯಾಕ್ಸಿಗಳ ಕಪ್ಪು ಹಳದಿ ಆ ನಗರದ ಗುರುತಾಯಿತು.

ಈ ಕಾಯುವಿಕೆಯ ಲೋಕಕ್ಕೆ ಮಾರುತಿ 800 ಬಂದದ್ದು 1983ರಲ್ಲಿ. ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಗ್ರಾಹಕರೊಬ್ಬರಿಗೆ ಮೊದಲ ಕಾರಿನ ಕೀಲಿ ಕೊಟ್ಟರು. ಆ ಕಾರಿನ ಬಣ್ಣವೂ ಬಿಳಿಯೇ. 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ತೆಗೆದ ಮೇಲೆ ವಿದೇಶಿ ಕಂಪೆನಿಗಳು ಒಂದೊಂದಾಗಿ ಬಂದವು. ಕಾಯಬೇಕಾದದ್ದು ಗ್ರಾಹಕನೆಂಬ ಕಾಲ ಹೋಗಿ ಗ್ರಾಹಕನಿಗಾಗಿ ಕಂಪೆನಿಗಳೇ ಕಾಯುವ ಕಾಲ ಬಂತು. ಬಣ್ಣದ ಹಾಳೆ ಉದ್ದವಾಯಿತು.

ಮತ್ತೆ ಬಿಳಿ

ಇಷ್ಟಾದ ಮೇಲೆ ನಾವು ಆರಿಸಿಕೊಂಡದ್ದೇನು? ಬಣ್ಣದ ಕಂಪೆನಿಗಳು ವರ್ಷ ವರ್ಷ ಪ್ರಕಟಿಸುವ ವರದಿಗಳ ಪ್ರಕಾರ ಜಗತ್ತಿನ ಹೊಸ ಕಾರುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬಿಳಿ, ಕಪ್ಪು, ಬೂದು ಅಥವಾ ಬೆಳ್ಳಿ ಬಣ್ಣದವು. ಮೊದಲ ಸ್ಥಾನ ಬಿಳಿಗೆ. ಭಾರತದಲ್ಲೂ ಅದೇ ಮುಂದು.

ಬಿಳಿಗೆ ಒಳ್ಳೆಯ ಕಾರಣಗಳೂ ಇವೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಕಾರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ ಬಣ್ಣದ ಕಾರಿನ ಒಳಗಿನ ಗಾಳಿ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸುವವರಿಗೆ ಇದನ್ನು ಪ್ರಯೋಗಾಲಯದವರು ಹೇಳಬೇಕಾಗಿಲ್ಲ. ಬಿಳಿಯ ಮೇಲೆ ನಮ್ಮ ಕೆಮ್ಮಣ್ಣಿನ ಧೂಳು ಕೂತರೆ ಕಾಣುತ್ತದೆ, ನಿಜ. ಆದರೆ ಕಪ್ಪಿನ ಮೇಲೆ ಧೂಳಿನ ಜೊತೆ ಒರೆಸಿದ ಗೀರೂ ಕಾಣುತ್ತದೆ.

ಸೆಖೆಗೆ ಹೆದರಿ ಬಿಳಿ ಕೊಂಡರೆ ಅದು ವಿವೇಕ. ಬಿಳಿಯನ್ನೇ ಮೆಚ್ಚಿ ಕೊಂಡರಂತೂ ಮಾತೇ ಇಲ್ಲ. ಆದರೆ ಮರುಮಾರಾಟದ ಲೆಕ್ಕದಿಂದ ಮಾತ್ರ ಕೊಂಡಾಗ, ಹೆನ್ರಿ ಫೋರ್ಡ್ ಹಾಕಿದ ನಿಯಮವನ್ನು ನಮ್ಮ ಮೇಲೆ ನಾವೇ ಹಾಕಿಕೊಂಡಂತಾಗುತ್ತದೆ. ಫೋರ್ಡನ ಕಾಲದವರಿಗೆ ಬಣ್ಣದ ಬದಲಿಗೆ ಕಡಿಮೆ ಬೆಲೆಯಾದರೂ ಸಿಕ್ಕಿತ್ತು. ನಮಗೆ ಸಿಗುವುದು ಎಂಟು ಹತ್ತು ವರ್ಷಗಳ ಬಳಿಕ ಒಂದಿಷ್ಟು ಹೆಚ್ಚು ಹಣ ಬಂದೀತೆಂಬ ನಿರೀಕ್ಷೆ. ಎಲ್ಲರೂ ಹೀಗೆ ಯೋಚಿಸಿ ಬಿಳಿ ಕೊಳ್ಳುವುದರಿಂದ ಬಿಳಿಗೆ ಬೇಡಿಕೆ ಹೆಚ್ಚುತ್ತದೆ; ಬೇಡಿಕೆ ಇರುವುದರಿಂದ ಎಲ್ಲರೂ ಬಿಳಿಯನ್ನೇ ಕೊಳ್ಳುತ್ತಾರೆ.

ಕಾರಿನ ನೋಂದಣಿ ಪತ್ರದಲ್ಲಿ ಮಾಲೀಕರ ಹೆಸರಿನಂತೆ ಬಣ್ಣವೂ ದಾಖಲಾಗುತ್ತದೆ. ಮಾರಿದ ದಿನ ಹೆಸರು ಬದಲಾಗುತ್ತದೆ. ಬಣ್ಣ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಕಾರನ್ನು ಮಾರುವುದು ಒಂದು ದಿನದ ಕೆಲಸ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಬಾಗಿಲು ತೆರೆದಾಗ ಅದನ್ನು ನೋಡುವವರು ಮನೆಯವರು. ಮುಂದಿನ ಬಾರಿ ಷೋರೂಮಿನಲ್ಲಿ ಬಣ್ಣದ ಹಾಳೆ ಬಿಚ್ಚಿದಾಗ, ಕೆಂಪು ಬೇಕೆಂದ ಮಗಳ ಮಾತನ್ನು ಇನ್ನೊಮ್ಮೆ ಕೇಳಬಹುದು.