ಹಳೆಯ ಹೋಂಡಾ ಸಿಟಿ ವಿಟೆಕ್: ವೇಗಕ್ಕೆ ಮುನ್ನ ವಿಶ್ವಾಸ

ಹಿರೀಸಾವೆ: ಬೆಂಗಳೂರಿನಿಂದ ಹಾಸನದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಬಳಿಕ ಸಿಗುವ ಊರು ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ. ಬಿಸಿಲಿನಲ್ಲಿ ಕಾಫಿಗೆಂದು ಇಲ್ಲಿ ನಿಲ್ಲಿಸಿದ ಹಳೆಯ ಹೋಂಡಾ ಸಿಟಿ ಅರ್ಧ ಗಂಟೆಯ ನಂತರ ಚಾಲೂ ಆಗಲು ನಿರಾಕರಿಸಬಹುದು. ಸಂಜೆ ತಂಪಾದೊಡನೆ ಏನೂ ನಡೆದೇ ಇಲ್ಲವೆಂಬಂತೆ ಹೊರಡಬಹುದು. ಈ ಮಾದರಿಯ ಬಹು ಪರಿಚಿತ ದೋಷವಿದು. ಬಿಡಿಭಾಗ ದೊರೆಯುವ ನಗರದಿಂದ ದೂರದಲ್ಲಿ ಇದು ಎದುರಾದರೆ ಪ್ರಯಾಣವೇ ಕೆಟ್ಟಂತೆ.

ಭಾರತದಲ್ಲಿ ಹೋಂಡಾ ಸಿಟಿ 1998ರಲ್ಲಿ ಬಿಡುಗಡೆಯಾಯಿತು. 2000ದಲ್ಲಿ ಬಂದ 1.5 ಲೀಟರ್ ವಿಟೆಕ್ ಆವೃತ್ತಿ 106 ಅಶ್ವಶಕ್ತಿಯಿಂದಾಗಿ ಯುವಚಾಲಕರ ಮೆಚ್ಚುಗೆ ಗಳಿಸಿತು. 2003ರ ಕೊನೆಯಲ್ಲಿ ಹೊಸ ವಿನ್ಯಾಸದ ಸಿಟಿ ಇದರ ಸ್ಥಾನಕ್ಕೆ ಬಂದಿತು. ಹೀಗಾಗಿ ಇಂದು ರಸ್ತೆಯಲ್ಲಿರುವ ಮೊದಲ ವಿಟೆಕ್ ಕಾರುಗಳೆಲ್ಲವೂ 20 ವರ್ಷ ದಾಟಿವೆ.

ಪ್ರಮುಖ ದೋಷಗಳು

ಮೇನ್ ರಿಲೇ: ಬಿಸಿಲಿನಲ್ಲಿ ಕಾರು ಚಾಲೂ ಆಗದಿರಲು ಮುಖ್ಯ ಕಾರಣ ಡ್ಯಾಶ್‌ಬೋರ್ಡ್‌ನ ಕೆಳಗಿರುವ ಈ ಪುಟ್ಟ ಪೆಟ್ಟಿಗೆ. ಕಾಲಾಂತರದಲ್ಲಿ ಇದರೊಳಗಿನ ಬೆಸುಗೆ ಬಿರುಕು ಬಿಡುತ್ತದೆ. ಶಾಖಕ್ಕೆ ಬಿರುಕು ಅಗಲವಾಗಿ ಪೆಟ್ರೋಲ್ ಪಂಪಿಗೆ ವಿದ್ಯುತ್ ತಪ್ಪುತ್ತದೆ. ಕೀಲಿ ತಿರುಗಿಸಿದಾಗ ಹಿಂಬದಿಯಿಂದ ಎರಡು ಕ್ಷಣ ಪಂಪಿನ ಸದ್ದು ಕೇಳಬೇಕು. ಕೇಳದಿದ್ದರೆ ಪಂಪನ್ನು ಬದಲಿಸುವ ಮುನ್ನ ರಿಲೇ ಪರೀಕ್ಷಿಸುವುದು ಲೇಸು. ಮರುಬೆಸುಗೆಯಿಂದಲೂ ಇದು ಸರಿಹೋಗುತ್ತದೆ.

ಡಿಸ್ಟ್ರಿಬ್ಯೂಟರ್: ಕಾಯಿಲ್ ಮತ್ತು ಇಗ್ನೈಟರ್ ಎರಡೂ ಇದರೊಳಗೇ ಇವೆ. ಓಡುತ್ತಿದ್ದ ಕಾರು ಮುನ್ಸೂಚನೆಯಿಲ್ಲದೆ ನಿಂತು, ಪಂಪಿನ ಸದ್ದು ಸರಿಯಾಗಿದ್ದೂ ಕಿಡಿ ಬಾರದಿದ್ದರೆ ಅನುಮಾನ ಇತ್ತ ತಿರುಗಬೇಕು.

ಟೈಮಿಂಗ್ ಬೆಲ್ಟ್: ಇದು ಹರಿದರೆ ವಾಲ್ವ್‌ಗಳು ಬಾಗುವ ಅಪಾಯವಿದೆ. ಓಡಿದ ದೂರ ಕಡಿಮೆಯಿದ್ದರೂ ವಯಸ್ಸಿನಿಂದಲೇ ರಬ್ಬರ್ ದುರ್ಬಲವಾಗುತ್ತದೆ. ದಾಖಲೆ ಇಲ್ಲದ ಕಾರನ್ನು ಕೊಂಡವರು ಮೊದಲು ಮಾಡಿಸಬೇಕಾದ ಕೆಲಸವಿದು. ಇದೇ ಬೆಲ್ಟ್‌ನಿಂದ ತಿರುಗುವ ನೀರಿನ ಪಂಪನ್ನೂ ಜೊತೆಗೇ ಬದಲಿಸುವುದು ವಾಡಿಕೆ.

ರೇಡಿಯೇಟರ್: ಮೇಲ್ಭಾಗದ ಪ್ಲಾಸ್ಟಿಕ್ ತೊಟ್ಟಿ ಕಂದುಬಣ್ಣಕ್ಕೆ ತಿರುಗಿದ್ದರೆ ಬಿರುಕು ದೂರವಿಲ್ಲ. ಶಿರಾಡಿ ಘಾಟಿಯ ಏರಿನಲ್ಲಿ ನೀರು ಸೋರಿದರೆ ಅಲ್ಯೂಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಸುಡುವ ಸಂಭವವುಂಟು.

ಎಣ್ಣೆ: ವಿಟೆಕ್ ವ್ಯವಸ್ಥೆ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಸೊಲೆನಾಯ್ಡ್ ಗ್ಯಾಸ್ಕೆಟ್ ಸೋರಿ ಎಣ್ಣೆಯ ಮಟ್ಟ ಕುಸಿದರೆ ಹೆಚ್ಚಿನ ಸುತ್ತುಗಳಲ್ಲಿ ಶಕ್ತಿಯೂ ಕುಂದುತ್ತದೆ.

ಇಂಧನದ ಸಮಸ್ಯೆ

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಇಂದು ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಗಿದೆ. ಈ ಕಾರುಗಳು ಅದಕ್ಕಾಗಿ ವಿನ್ಯಾಸಗೊಂಡವಲ್ಲ. ಇಂಧನದ ರಬ್ಬರ್ ಕೊಳವೆಗಳನ್ನು ಎಥೆನಾಲ್ ತಾಳಬಲ್ಲ ಕೊಳವೆಗಳಿಂದ ಬದಲಿಸುವುದು ಹಾಗೂ ತಿಂಗಳುಗಟ್ಟಲೆ ಕಾರನ್ನು ಒಂದೇ ಕಡೆ ನಿಲ್ಲಿಸದಿರುವುದು ಉಚಿತ.

ಯಾವ ಸುಧಾರಣೆ ಸೂಕ್ತ?

ಮೊದಲ ವೆಚ್ಚ ಬ್ರೇಕ್ ಪ್ಯಾಡ್, ಉತ್ತಮ ಟೈರ್, ಸಸ್ಪೆನ್ಷನ್ ಬುಷ್ ಮತ್ತು ಎಂಜಿನ್ ಮೌಂಟ್‌ಗಳಿಗೆ ಸಲ್ಲಬೇಕು. ಸವೆದ ಬುಷ್ ಬದಲಾದೊಡನೆ ಸ್ಟಿಯರಿಂಗ್‌ನ ಹಳೆಯ ಚುರುಕು ಮರಳುವುದು. ಹೆಡ್‌ಲೈಟಿಗೆ ಪ್ರತ್ಯೇಕ ರಿಲೇ ಸಹಿತ ತಂತಿ ಜೋಡಿಸಿದರೆ ಮೂಲ ಬಲ್ಬ್‌ಗಳೇ ಪ್ರಖರವಾಗುತ್ತವೆ. ತಗ್ಗಿಸುವ ಸ್ಪ್ರಿಂಗ್‌ಗಳು ಮಾತ್ರ ನಮ್ಮ ರಸ್ತೆ ಉಬ್ಬುಗಳಿಗೆ ಹೊಂದಲಾರವು. ಮೊದಲೇ ಈ ಕಾರಿನ ತಳ ನೆಲಕ್ಕೆ ಹತ್ತಿರ. ಗದ್ದಲದ ಸೈಲೆನ್ಸರ್ ಶಕ್ತಿಗಿಂತ ದಂಡವನ್ನೇ ಹೆಚ್ಚಿಸೀತು.

ಕಾನೂನಿನ ಮಿತಿಯನ್ನೂ ಮರೆಯಲಾಗದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. 20 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ನವೀಕರಣದ ವೇಳೆ ತಪಾಸಣೆಯೂ ನಡೆಯುವುದರಿಂದ ಮೂಲರೂಪ ಕಾಯ್ದುಕೊಂಡ ಕಾರಿಗೆ ಹಾದಿ ಸುಗಮ.

ಹಳೆಯ ವಿಟೆಕ್‌ಗೆ ಇನ್ನಷ್ಟು ಅಶ್ವಶಕ್ತಿಯ ಅಗತ್ಯವಿಲ್ಲ. ಇರುವ 106 ಅಶ್ವಶಕ್ತಿ ಹಿರೀಸಾವೆಯ ಮಧ್ಯಾಹ್ನದಲ್ಲೂ ಕೈಕೊಡದಂತೆ ನೋಡಿಕೊಂಡರೆ ಸಾಕು.